ಎರೆ ಮಣ್ಣಿನಲ್ಲಿ ದೇವಕಣಗಿಲೆ: ಟೊಂಗೆ ಕೊಯ್ಯುವುದರಿಂದ ಹೂ ಬಿಡುವವರೆಗೆ

ನನ್ನ ತವರು ಧಾರವಾಡದ ಮಾಳಮಡ್ಡಿ. ಅಲ್ಲಿ ಹಿತ್ತಲಲ್ಲಿ ಒಂದು ದೇವಕಣಗಿಲೆ ಗಿಡ ಇದೆ. ಬಿಳಿ ಹೂವು, ನಡುವೆ ಅರಿಷಿಣ ಬಣ್ಣ. ಅದಕ್ಕೆ ಯಾರಾದರೂ ನೀರು ಹಾಕಿದ್ದನ್ನು ನಾನು ನೋಡಿಲ್ಲ. ಯುಗಾದಿ ಹೊತ್ತಿಗೆ ಎಲೆಯೇ ಇಲ್ಲದ ಬೋಳು ಟೊಂಗೆಯ ತುದಿಯಲ್ಲಿ ಹೂ ಶುರುವಾದರೆ ದಸರಾ ತನಕ ಬೆಳಗ್ಗೆ ಅಂಗಳದಲ್ಲಿ ಹೂ ಬಿದ್ದೇ ಇರುತ್ತವೆ.

ಮದುವೆಯಾಗಿ ಹುಬ್ಬಳ್ಳಿಗೆ ಬಂದು, ಗದಗ ರಸ್ತೆ ಕಡೆ ಮನೆ ಕಟ್ಟಿಸಿದ ಮೇಲೆ ಮೊದಲು ಹಚ್ಚಿದ್ದು ಅದೇ ಗಿಡದ ಟೊಂಗೆಯನ್ನು. ಎರಡೂವರೆ ಅಡಿ ಗುಂಡಿ ತೋಡಿಸಿದೆ, ಚೆನ್ನಾಗಿ ಗೊಬ್ಬರ ತುಂಬಿದೆ, ಮನೆಗೆ ಬಂದ ನೀರಲ್ಲಿ ದಿನಾ ಒಂದು ಕೊಡ ಅದಕ್ಕೆ ಅಂತಲೇ ಎತ್ತಿಟ್ಟೆ. ಜೂನ್‌ನಲ್ಲಿ ಎಲೆ ಬಂದವು. ಆಗಸ್ಟ್‌ನಲ್ಲಿ ಎಲೆ ಜೋತುಬಿದ್ದವು, ನೀರು ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಹಾಕಿದೆ. ಒಂದು ದಿನ ಬುಡದ ಹತ್ತಿರ ಕಾಂಡ ಒತ್ತಿ ನೋಡಿದರೆ ಬೆರಳು ಒಳಗೇ ಹೋಯಿತು, ಕೊಳೆತ ಬಾಳೆಹಣ್ಣು ಒತ್ತಿದ ಹಾಗೆ. ಕಿತ್ತರೆ ಸುಲಭವಾಗಿ ಕೈಗೆ ಬಂತು. ಗುಂಡಿಯ ತಳದಲ್ಲಿ ಕಪ್ಪು ನೀರು ನಿಂತಿತ್ತು.

ಎದುರು ಮನೆಯ ಕಾಕಾ ಅಣ್ಣಿಗೇರಿ ಕಡೆಯವರು, ಎರೆ, ಅಂದರೆ ಕಪ್ಪು ಮಣ್ಣಿನ ಹೊಲ ಮಾಡಿದವರು. ಬಂದು ನೋಡಿ ಹೇಳಿದರು: "ಎರಿ ಮಣ್ಣಾಗ ತೆಗ್ಗ ತೋಡಿದ್ರ ಬಾವಿ ತೋಡಿದಂಗ ಆಗ್ತೈತಿ ತಂಗೀ. ಸುತ್ತಲ ಮಳಿ ನೀರೆಲ್ಲಾ ಅಲ್ಲೇ ಬಂದು ಕೂಡ್ತೈತಿ, ಮತ್ತ ಹೋಗೋದಿಲ್ಲ. ಮಣ್ಣ ಮ್ಯಾಲೆ ಏರಿಸಿ ಹಚ್ಚು."

ಹಾಗೇ ಏರಿಸಿ ಹಚ್ಚಿದೆ. ಈಗ ಆ ಗಿಡ ಮಾಳಿಗೆ ಮುಟ್ಟಿದೆ, ಅದರ ಟೊಂಗೆಗಳಿಂದ ಓಣಿಯಲ್ಲಿ ಇನ್ನೂ ಏಳೆಂಟು ಗಿಡ ಆಗಿವೆ. ಈ ಗಿಡ ಬೆಳೆಸುವುದು ಕಷ್ಟವೇ ಅಲ್ಲ. ಆದರೆ ನಮ್ಮ ಕಡೆ ಸಾಯುವ ದೇವಕಣಗಿಲೆಗಳಲ್ಲಿ ನಾನು ನೋಡಿದ ಹೆಚ್ಚಿನವು ಬುಡದಲ್ಲಿ ನೀರು ನಿಂತೇ ಸತ್ತಿವೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಗಿಡದ ಸ್ವಭಾವ ಮೊದಲು ತಿಳಿಯಲಿ

ಕೆಲವರು ಇದನ್ನು ಗೋಸಂಪಿಗೆ ಅಂತಾರೆ, ಕೆಲವರು ಹಾಲುಸಂಪಿಗೆ. ಮರಾಠಿ ಮಾತಾಡುವ ಮನೆಗಳಲ್ಲಿ ಚಾಫಾ. ಸಸ್ಯಶಾಸ್ತ್ರದಲ್ಲಿ ಪ್ಲುಮೇರಿಯಾ. 17ನೇ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳನ್ನು ಸುತ್ತಿದ ಶಾರ್ಲ್ ಪ್ಲುಮಿಯೆ ಎಂಬ ಫ್ರೆಂಚ್ ಸನ್ಯಾಸಿಯ ಹೆಸರನ್ನು ಅದಕ್ಕೆ ಇಟ್ಟರು. ನಮ್ಮ ಗುಡಿ, ದರ್ಗಾ, ಮಠಗಳ ಅಂಗಳದಲ್ಲಿ ಎಷ್ಟು ಹಳೆಯ ಗಿಡ ಕಂಡರೂ ಇದರ ಮೂಲ ಊರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಆ ದ್ವೀಪಗಳು. ನಿಕರಾಗುವಾ ದೇಶದ ರಾಷ್ಟ್ರೀಯ ಹೂವು ಇದೇ. ಏಷ್ಯಾದಲ್ಲಿ ಲಾವೋಸ್ ಕೂಡ ಇದನ್ನೇ ತನ್ನ ಹೂವು ಮಾಡಿಕೊಂಡಿದೆ.

ಆ ಊರುಗಳಲ್ಲಿ ಒಂದಷ್ಟು ತಿಂಗಳು ಮಳೆ, ಆಮೇಲೆ ಉದ್ದಕ್ಕೂ ಬೇಸಿಗೆ. ಮಳೆ ನಿಂತ ಮೇಲೆ ಗಿಡ ಎಲೆ ಉದುರಿಸಿ, ದಪ್ಪ ಟೊಂಗೆಗಳಲ್ಲಿ ನೀರು ಕೂಡಿಟ್ಟುಕೊಂಡು ಸುಮ್ನೆ ನಿಲ್ಲುತ್ತದೆ. ಟೊಂಗೆ ಯಾಕಷ್ಟು ಮೆತ್ತಗೆ, ದಪ್ಪ ಅಂದರೆ ಇದಕ್ಕೇ. ಕಳ್ಳಿಯನ್ನು ಹೇಗೆ ನೋಡಿಕೊಳ್ಳುತ್ತೀರೋ ಅದಕ್ಕೆ ಸ್ವಲ್ಪ ಹತ್ತಿರವಾಗಿ ಇದನ್ನೂ ನೋಡಿಕೊಳ್ಳಬೇಕು. ಬೇರು ಕೂಡ ಬಹಳ ಆಳಕ್ಕೆ ಹೋಗುವುದಿಲ್ಲ. ಮೇಲುಮಣ್ಣಿನಲ್ಲೇ ಹರಡುತ್ತದೆ, ಉಸಿರಾಡುವ ಸಡಿಲ ಮಣ್ಣು ಅದಕ್ಕೆ ಬೇಕು.

ಸ್ಮಶಾನದ ಹೂವು, ಮನೆ ಮುಂದೆ ಬೇಡ ಅನ್ನುವವರು ಇದ್ದಾರೆ. ನಮ್ಮ ಅತ್ತೆಯವರಿಗೂ ಮೊದಲು ಆ ಅಂಜಿಕೆ ಇತ್ತು. ಸ್ಮಶಾನದಲ್ಲಿ ಹಚ್ಚುವುದಕ್ಕೆ ಕಾರಣ ನನಗನ್ನಿಸುವುದು ಇಷ್ಟೇ, ಯಾರೂ ನೀರು ಹಾಕದಿದ್ದರೂ ಬದುಕುತ್ತದೆ, ವರ್ಷದಲ್ಲಿ ಬಹಳ ದಿನ ಹೂ ಉದುರಿಸುತ್ತದೆ. ಅದೇ ಹೂವನ್ನು ಗುಡಿಯಲ್ಲಿ ದೇವರಿಗೂ ಏರಿಸುತ್ತಾರೆ, ಅಲ್ವಾ? ಈಗ ನಮ್ಮ ಅತ್ತೆಯವರೇ ದಿನಾ ಬೆಳಗ್ಗೆ ಬುಟ್ಟಿ ಹಿಡಿದು ಆರಿಸುತ್ತಾರೆ.

ಯಾವುದನ್ನು ತರಬೇಕು

ನಮ್ಮಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಎಲೆ ಉದ್ದ, ತುದಿ ಚೂಪು, ಚಳಿಗಾಲದಲ್ಲಿ ಪೂರ್ತಿ ಬೋಳಾಗುವುದು ಪ್ಲುಮೇರಿಯಾ ರೂಬ್ರಾ. ಹೆಸರು ಕೆಂಪು ಅಂತಿದ್ದರೂ ಬಿಳಿ, ಹಳದಿ, ಗುಲಾಬಿ, ಕೆಂಪು ಎಲ್ಲಾ ಇದರಲ್ಲೇ ಬರುತ್ತವೆ. ಹಳೆ ಮನೆಗಳ ಬಿಳಿ-ಹಳದಿ ಗಿಡ ಇದೇ. ಎಲೆಯ ತುದಿ ದುಂಡಗೆ, ಕಡು ಹಸಿರು, ಹೊಳಪು ಇದ್ದು ಚಳಿಗಾಲದಲ್ಲೂ ಬಹುಪಾಲು ಎಲೆ ಉಳಿಸಿಕೊಳ್ಳುವುದು ಪ್ಲುಮೇರಿಯಾ ಒಬ್ಟ್ಯೂಸಾ, ಹೂವು ಬಿಳಿ. ಮೂರನೆಯದು ಪ್ಲುಮೇರಿಯಾ ಪುಡಿಕಾ. ಎಲೆ ತುದಿಯಲ್ಲಿ ಅಗಲವಾಗಿ ಹಾವಿನ ಹೆಡೆಯ ಹಾಗೆ ಕಾಣುತ್ತದೆ, ಅದಕ್ಕೇ ನಾಗಚಂಪಾ ಅಂತ ಮಾರುತ್ತಾರೆ. ಗೊಂಚಲು ಗೊಂಚಲು ಬಿಳಿ ಹೂ, ಬೇಲಿ ಪಕ್ಕ ಸಾಲಾಗಿ ಹಚ್ಚಲು ಚೆನ್ನ. ಆದರೆ ಪರಿಮಳ ಇಲ್ಲ. ನನ್ನ ಗೆಳತಿಗೆ ಒಂದು ನರ್ಸರಿಯಲ್ಲಿ "ಒಳ್ಳೆ ವಾಸನೆ ಇರ್ತದ್ರಿ" ಅಂತ ಹೇಳಿ ಇದನ್ನೇ ಕೊಟ್ಟು ಕಳಿಸಿದ್ದರು, ಪಾಪ ಎರಡು ವರ್ಷ ಕಾದಳು. ಪರಿಮಳಕ್ಕಾಗಿ ಬೆಳೆಸುವುದಾದರೆ ಎಲೆ ನೋಡಿ ತನ್ನಿ. ಹೂ ಇದ್ದಾಗ ಸಂಜೆ ಹೋಗಿ ಮೂಸಿ ನೋಡಿ ತಂದರೆ ಇನ್ನೂ ಒಳ್ಳೆಯದು.

ಸಂಜೆ ಅಂದೆ ಯಾಕೆಂದರೆ ಇದರ ವಾಸನೆ ರಾತ್ರಿ ಜಾಸ್ತಿ. ಉದ್ದ ನಾಲಿಗೆಯ ದೊಡ್ಡ ಪತಂಗಗಳನ್ನು ಕರೆಯಲು ಗಿಡ ಮಾಡುವ ಉಪಾಯ ಅದು. ಹೂವಿನೊಳಗೆ ಜೇನು ಮಾತ್ರ ಇರುವುದಿಲ್ಲ. ಪತಂಗ ಒಂದು ಹೂವಿನಿಂದ ಇನ್ನೊಂದಕ್ಕೆ ಹುಡುಕುತ್ತಾ ಹೋಗುತ್ತದೆ, ಹೋಗುವಾಗ ಪರಾಗ ಹೊತ್ತು ಹೋಗುತ್ತದೆ.

ಬೀಜದಿಂದಲೂ ಬೆಳೆಸಬಹುದು, ಆದರೆ ನಾನು ಹೇಳುವುದಿಲ್ಲ. ಕಾಯಿ ಅಪರೂಪಕ್ಕೆ ಆಗುತ್ತದೆ, ಜೋಡಿ ಕೊಂಬಿನ ಹಾಗೆ ಕಾಣುತ್ತದೆ, ಬಲಿಯಲು ಏಳೆಂಟು ತಿಂಗಳಿಗೂ ಮೇಲೆ ಬೇಕು. ಬೀಜದ ಗಿಡ ತಾಯಿಯ ಬಣ್ಣವನ್ನೇ ಕೊಡುತ್ತದೆ ಅನ್ನುವ ಹಾಗಿಲ್ಲ, ಹೂವಿಗೆ ಮೂರು ವರ್ಷವಾದರೂ ಕಾಯಬೇಕು. ಟೊಂಗೆ ಹಚ್ಚಿದರೆ ಅದೇ ಬಣ್ಣ, ಅದೇ ಪರಿಮಳ, ಒಂದೆರಡು ವರ್ಷದಲ್ಲಿ ಹೂವು.

ಟೊಂಗೆ ಕೊಯ್ಯುವುದು

ಶಿವರಾತ್ರಿಯಿಂದ ಯುಗಾದಿ ನಡುವಿನ ದಿನಗಳು ಇದಕ್ಕೆ ಸರಿಯಾದ ಕಾಲ. ಗಿಡ ಇನ್ನೂ ಬೋಳಾಗಿರುತ್ತದೆ, ಬಿಸಿಲು ಏರುತ್ತಿರುತ್ತದೆ, ಮಳೆಗೆ ಮೂರು ತಿಂಗಳು ಇರುತ್ತದೆ. ಮಳೆಗಾಲದಲ್ಲಿ ಎಲ್ಲಾ ಗಿಡ ಹಚ್ಚುವ ಹಾಗೆ ಇದನ್ನೂ ಹಚ್ಚುತ್ತಾರೆ, ಆಗ ಕೊಳೆಯುವುದೇ ಜಾಸ್ತಿ.

ಹಸಿರು ಎಳೆ ತುದಿ ಬೇಡ. ಬೂದು ಬಣ್ಣಕ್ಕೆ ತಿರುಗಿದ ಬಲಿತ ಟೊಂಗೆ ನೋಡಿ. ಹೆಬ್ಬೆರಳಿನಷ್ಟು ಅಥವಾ ಅದಕ್ಕಿಂತ ದಪ್ಪ, ಒಂದರಿಂದ ಒಂದೂವರೆ ಅಡಿ ಉದ್ದ. ತುದಿಯಲ್ಲಿ ಕವಲು ಇರುವ ಟೊಂಗೆ ಸಿಕ್ಕರೆ ಬಿಡಬೇಡಿ, ಗಿಡ ಮೊದಲಿನಿಂದಲೇ ತುಂಬಿಕೊಂಡು ಕಾಣುತ್ತದೆ. ನಾಲ್ಕೈದು ಅಡಿಯ ದೊಡ್ಡ ಟೊಂಗೆಯೂ ಬೇರು ಬಿಡುತ್ತದೆ. ರಸ್ತೆ ಅಗಲ ಮಾಡುವಾಗಲೋ ಹಳೆ ಮನೆ ಬೀಳಿಸುವಾಗಲೋ ದೇವಕಣಗಿಲೆ ಕಡಿದು ಹಾಕಿದ್ದು ಕಂಡರೆ ನಿಂತು ಒಂದೆರಡು ಟೊಂಗೆ ಗಾಡಿಯ ಹಿಂದೆ ಕಟ್ಟಿಕೊಳ್ಳಿ. ಕಡಿದು ನಾಲ್ಕು ದಿನ ಆಗಿದ್ದರೂ ಅದು ಸತ್ತಿರುವುದಿಲ್ಲ.

ಕತ್ತರಿಯನ್ನೋ ಗರಗಸವನ್ನೋ ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಒಂದೇ ಸಲಕ್ಕೆ ನೀಟಾಗಿ ಕತ್ತರಿಸಿ. ಕೈಯಿಂದ ಮುರಿದರೆ ತೊಗಟೆ ಸೀಳುತ್ತದೆ. ಕತ್ತರಿಸಿದ ತಕ್ಷಣ ಬಿಳಿ ಹಾಲು ತೊಟ್ಟಿಕ್ಕುತ್ತದೆ. ಆ ಹಾಲು ಮೈಗೆ ತಾಗಿದರೆ ಕೆಲವರಿಗೆ ಉರಿ, ತುರಿಕೆ, ಗುಳ್ಳೆ ಆಗುತ್ತದೆ. ಕಣ್ಣಿಗಂತೂ ಬೀಳಲೇಬಾರದು. ಕೈಗವಸು ಹಾಕಿಕೊಳ್ಳಿ, ಟೊಂಗೆ ಮೇಲಿದ್ದರೆ ಅದರ ಕೆಳಗೆ ನಿಂತು ಕತ್ತೆತ್ತಿ ನೋಡಬೇಡಿ, ಮಕ್ಕಳನ್ನು ದೂರ ಕಳಿಸಿ. ತಾಗಿದರೆ ಸಾಬೂನು ಹಚ್ಚಿ ತೊಳೆಯಿರಿ. ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ, ಹಳೆ ಬಟ್ಟೆ ಉಟ್ಟೇ ಈ ಕೆಲಸ ಮಾಡಿ.

ಒಣಗಿಸುವುದು

ಬಹಳ ಜನ ಬಿಟ್ಟುಬಿಡುವ ಹಂತ ಇದು. ಕೊಯ್ದ ಟೊಂಗೆಯನ್ನು ಆವತ್ತೇ ಹಚ್ಚಬಾರದು. ಎಲೆಗಳಿದ್ದರೆ ಎಲ್ಲಾ ತೆಗೆದು, ಮಾಡಿನ ಕೆಳಗೆ, ಗಾಳಿ ಆಡುವ ನೆರಳಲ್ಲಿ ಗೋಡೆಗೆ ಒರಗಿಸಿ ಇಡಿ. ಹತ್ತು ದಿನದಿಂದ ಎರಡು ವಾರ. ದಪ್ಪ ಟೊಂಗೆಗೆ ಇನ್ನೊಂದು ವಾರ ಬಿಟ್ಟರೂ ಆದೀತು.

ಕತ್ತರಿಸಿದ ಜಾಗವನ್ನು ದಿನಾ ನೋಡುತ್ತಿರಿ. ಮೊದಲ ದಿನ ಹಾಲು ಒಸರುತ್ತದೆ. ಎರಡನೇ ದಿನ ಅದು ರಬ್ಬರಿನ ಹಾಗೆ ಗಟ್ಟಿಯಾಗಿ ಅಂಟುತ್ತದೆ. ವಾರದ ಹೊತ್ತಿಗೆ ಬಿಳಿ ಹೋಗಿ ಕಂದು ಬಣ್ಣ ಬರುತ್ತದೆ, ಅಂಚಿನ ತೊಗಟೆ ಒಳಗೆ ಎಳೆದುಕೊಂಡು ಸುಕ್ಕಾಗುತ್ತದೆ. ಉಗುರಿನಿಂದ ಕೆರೆದರೆ ಒಣ ಚಕ್ಕೆ ಸಿಗಬೇಕು, ಹಸಿ ಸಿಗಬಾರದು. ಆಗ ಗಾಯ ಮುಚ್ಚಿದೆ ಅಂತ ಅರ್ಥ. ಹಸಿ ಗಾಯದಲ್ಲೇ ಮಣ್ಣಿಗೆ ಇಟ್ಟರೆ ಮಣ್ಣಿನ ಬೂಷ್ಟು ನೇರ ಒಳಗೆ ಹೋಗುತ್ತದೆ, ಕೆಳಗಿನಿಂದ ಕೊಳೆಯುತ್ತಾ ಬರುತ್ತದೆ.

ಟೊಂಗೆ ಸ್ವಲ್ಪ ಬಾಡಿ, ಸಣ್ಣ ಸುಕ್ಕು ಬಿದ್ದರೆ ಗಾಬರಿ ಬೇಡ. ಒತ್ತಿದರೆ ಗಟ್ಟಿ ಇದ್ದರೆ ಸಾಕು.

ಮಣ್ಣು ಮತ್ತು ದಿಬ್ಬ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ 20 ಕಿಲೋಮೀಟರ್ ಅಷ್ಟೇ. ಆದರೆ ಮಣ್ಣು ಬೇರೆಯೇ. ಧಾರವಾಡದಲ್ಲಿ, ಕಲಘಟಗಿ, ಅಳ್ನಾವರ ಕಡೆ ಹೆಚ್ಚಾಗಿ ಕೆಂಪು ಮಣ್ಣು. ಕುಂದಗೋಳ, ಅಣ್ಣಿಗೇರಿ, ನವಲಗುಂದ, ಆ ಕಡೆ ನರಗುಂದ, ರೋಣ ಎಲ್ಲಾ ಎರೆ. ಗದಗ ಜಿಲ್ಲೆಯಲ್ಲೇ ಮುಂಡರಗಿ, ಶಿರಹಟ್ಟಿ, ಕಪ್ಪತಗುಡ್ಡದ ಸುತ್ತ ಮತ್ತೆ ಮಸಾರಿ, ಅಂದರೆ ಕೆಂಪು ಮಣ್ಣು ಸಿಗುತ್ತದೆ. ಹಾವೇರಿಯಲ್ಲಿ ಎರಡೂ ಇವೆ, ಹಾನಗಲ್ ಕಡೆ ಮಳೆಯೂ ಜಾಸ್ತಿ. ನಿಮ್ಮ ಹಿತ್ತಲಲ್ಲಿ ಯಾವ ಮಣ್ಣಿದೆ ಅಂತ ನೋಡದೆ ಮುಂದೆ ಹೋಗಬೇಡಿ.

ಪರೀಕ್ಷೆ ಸುಲಭ. ಒಂದಡಿ ಗುಂಡಿ ತೋಡಿ ಒಂದು ಕೊಡ ನೀರು ಸುರಿಯಿರಿ. ಅದು ಇಂಗಿದ ಮೇಲೆ ಇನ್ನೊಂದು ಕೊಡ ಸುರಿಯಿರಿ. ಎರಡನೇ ಕೊಡದ ನೀರು ಎರಡು-ಮೂರು ಗಂಟೆಯಲ್ಲಿ ಇಂಗಿದರೆ ನೆಲಕ್ಕೇ ಹಚ್ಚಬಹುದು. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ದಿಬ್ಬವೇ ಗತಿ.

ಎರೆ ಮಣ್ಣು ಒಳ್ಳೆಯ ಮಣ್ಣೇ. ಹತ್ತಿ, ಕಡಲೆ, ಜೋಳಕ್ಕೆ ಅದರಷ್ಟು ಒಳ್ಳೆಯದಿಲ್ಲ. ಆದರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಂಥ ಮಣ್ಣಿನ ನಡುವೆ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದರೆ, ಸುತ್ತಲಿನ ಗೋಡೆ ನೀರು ಬಿಡುವುದಿಲ್ಲ, ಒಳಗಿನ ಸಡಿಲ ಮಣ್ಣು ನೀರು ಹೀರಿಕೊಂಡು ತೊಟ್ಟಿಯಾಗುತ್ತದೆ. ಕಾಕಾ ಬಾವಿ ಅಂದದ್ದು ಇದನ್ನೇ.

ದಿಬ್ಬ ಹೀಗೆ ಮಾಡಿ. ನೆಲವನ್ನು ಸುಮ್ನೆ ನಾಲ್ಕು ಬೆರಳು ಕೆದರಿ, ತೋಡಬೇಡಿ. ಅದರ ಮೇಲೆ ಇಟ್ಟಿಗೆ ಚೂರು, ಗರಸು (ಕಲ್ಲಿನ ಹರಳು) ಒಂದು ಪದರ ಹಾಸಿ. ಆಮೇಲೆ ಎರಡು ಬುಟ್ಟಿ ಕೆಂಪು ಮಣ್ಣು, ಎರಡು ಬುಟ್ಟಿ ದಪ್ಪ ಉಸುಕು ಅಥವಾ ಸಣ್ಣ ಗರಸು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಈ ಲೆಕ್ಕದಲ್ಲಿ ಕಲಸಿ ಏರಿಸುತ್ತಾ ಹೋಗಿ. ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲ ಬರಬೇಕು. ಮೊದಲ ಮಳೆಗೆ ಕುಸಿಯದ ಹಾಗೆ ಸುತ್ತ ಕಲ್ಲು ಒತ್ತಾಗಿ ಇಡಿ. ಸಿಮೆಂಟ್ ಹಾಕಿ ಸಂದು ಮುಚ್ಚಬೇಡಿ, ನೀರು ಆ ಸಂದಿನಿಂದಲೇ ಹೊರಗೆ ಹೋಗಬೇಕು. ಹಸಿ ಹೆಂಡಿ (ಸಗಣಿ) ಹಾಕಲೇಬೇಡಿ, ಅದರ ಕಾವಿಗೆ ಬೇರು ಸುಟ್ಟುಹೋಗುತ್ತದೆ.

ಜಾಗ ಬಿಸಿಲಲ್ಲಿರಬೇಕು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬಿದ್ದರೆ ಹೂವು, ಇಲ್ಲದಿದ್ದರೆ ಬರೀ ಎಲೆ. ಮಾವಿನ ಗಿಡದ ಕೆಳಗೆ, ಎರಡು ಮನೆಗಳ ನಡುವಿನ ಸಂದಿಯಲ್ಲಿ ಬೇಡ. ಬೆಳೆದ ಗಿಡ 15ರಿಂದ 25 ಅಡಿ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ ಆಗುತ್ತದೆ, ಕಾಂಪೌಂಡ್‌ನಿಂದ ಎಂಟು-ಹತ್ತು ಅಡಿ ಬಿಟ್ಟರೆ ಚೆನ್ನ. ಟೊಂಗೆ ಬಹಳ ಪೆಳಸು, ಜೋರು ಗಾಳಿಗೆ ಪಟ್ ಅಂತ ಮುರಿಯುತ್ತದೆ. ಗದಗ ಕಡೆಯವರು ಪಡುವಣ ಗಾಳಿಗೆ ಮನೆಯ ಗೋಡೆಯಾದರೂ ಮರೆ ಇರುವ ಹಾಗೆ ನೋಡಿಕೊಳ್ಳಿ.

ಹಚ್ಚುವುದು, ಆಮೇಲೆ ಎರಡು ತಿಂಗಳು ಕಾಯುವುದು

ಒಣಗಿದ ಟೊಂಗೆಯನ್ನು ದಿಬ್ಬದ ನಡುವೆ ಮೂರು-ನಾಲ್ಕು ಇಂಚು ಮಾತ್ರ ಆಳಕ್ಕೆ ಇಡಿ. ಬುಡದ ಸುತ್ತ ಒಂದು ಹಿಡಿ ಬರೀ ಉಸುಕು ಹಾಕಿದರೆ ಇನ್ನೂ ಸುರಕ್ಷಿತ. ಇಷ್ಟು ಮೇಲೆ ಹಚ್ಚಿದ್ದು ಅಲ್ಲಾಡುತ್ತದೆ, ಅಲ್ಲಾಡಿದರೆ ಹೊಸ ಬೇರು ಹರಿಯುತ್ತದೆ. ಅದಕ್ಕೆ ಪಕ್ಕದಲ್ಲಿ ಎರಡು ಕೋಲು ನೆಟ್ಟು ಹಳೆ ಬಟ್ಟೆ ಪಟ್ಟಿಯಿಂದ ಎರಡು ಕಡೆ ಕಟ್ಟಿ. ಸುತಳಿ ಬೇಡ, ತೊಗಟೆ ಕೊಯ್ಯುತ್ತದೆ. ಹಚ್ಚಿದ ದಿನ ಮಣ್ಣು ಕೂರಲು ಒಂದು ಚರಿಗೆ ನೀರು. ಆಮೇಲೆ ಹತ್ತು ದಿನಕ್ಕೊಮ್ಮೆ ಅರ್ಧ ಚರಿಗೆ ಸಾಕು.

ಮೂರು ವಾರದ ಹೊತ್ತಿಗೆ ತುದಿಯಲ್ಲಿ ಎಲೆಯ ಚಿಗುರು ಕಾಣುತ್ತದೆ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಚಿಗುರು ಬಂತು ಅಂದರೆ ಬೇರು ಬಂತು ಅಂತ ಅಲ್ಲ. ಟೊಂಗೆಯಲ್ಲಿ ಕೂಡಿಟ್ಟ ನೀರಿನಿಂದಲೇ ಅದು ಚಿಗುರುತ್ತದೆ, ಕೆಳಗೆ ಇನ್ನೂ ಏನೂ ಇರುವುದಿಲ್ಲ. ಖುಷಿಯಾಗಿ ಒಂದು ಕೊಡ ನೀರು ಹಾಕಿದರೆ ಅಲ್ಲಿಗೆ ಮುಗಿಯಿತು. ಎಲೆ ನಾಲ್ಕೈದು ಇಂಚು ಉದ್ದ ಬೆಳೆದು, ಮಧ್ಯಾಹ್ನದ ಬಿಸಿಲಲ್ಲೂ ಜೋಲದೆ ನಿಂತರೆ ಬೇರು ಬಂದಿದೆ. ಇದಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಎಳೆದು ನೋಡುವ ಆಸೆ ಆಗುತ್ತದೆ, ಎಳೆಯಬೇಡಿ.

ಕೆಲವು ಟೊಂಗೆ ಎಲೆಗಿಂತ ಮೊದಲು ಹೂವಿನ ಗೊಂಚಲನ್ನೇ ಬಿಡುತ್ತವೆ. ಮನಸ್ಸಿಗೆ ಕಷ್ಟವಾದರೂ ಅದನ್ನು ಚಿವುಟಿ ಹಾಕಿ. ಬೇರಿಲ್ಲದ ಟೊಂಗೆ ತನ್ನಲ್ಲಿರುವುದನ್ನೆಲ್ಲಾ ಹೂವಿಗೆ ಕೊಟ್ಟು ತಾನು ಒಣಗುತ್ತದೆ.

ಈ ನಡುವೆ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಜೋರಾಗಿ ಬಂದರೆ ಎರಡು ದಿನ ಬುಡಕ್ಕೆ ಪ್ಲಾಸ್ಟಿಕ್ ಹೊದಿಸಿ, ಬಿಸಿಲು ಬಂದ ಕೂಡಲೇ ತೆಗೆಯಿರಿ. ರೋಹಿಣಿ ಮಳೆ ಹೊತ್ತಿಗೆ ಬೇರು ಹಿಡಿದಿದ್ದರೆ ಆ ಗಿಡದ ಬಗ್ಗೆ ಚಿಂತೆ ಬಿಡಬಹುದು.

ನೀರು, ಗೊಬ್ಬರ

ನಮ್ಮ ಊರಲ್ಲಿ ಎಷ್ಟೋ ಓಣಿಗಳಿಗೆ ನಳ ಬರುವುದೇ ವಾರಕ್ಕೊಮ್ಮೆ. ಈ ಗಿಡಕ್ಕೆ ಅದೇ ಲೆಕ್ಕ ಸರಿಹೋಗುತ್ತದೆ. ಬೇರು ಹಿಡಿದ ಗಿಡಕ್ಕೆ ಮಾರ್ಚ್‌ನಿಂದ ಮೇ ತನಕ ನಳ ಬಂದ ದಿನ ಒಂದೆರಡು ಕೊಡ. ಕಾಂಡಕ್ಕೆ ಸುರಿಯದೆ ಒಂದಡಿ ದೂರ ಸುತ್ತಲೂ ಹಾಕಿ. ಮಳೆ ಹಿಡಿದ ಮೇಲೆ ಏನೂ ಬೇಡ. ಮಳೆ ಕೈಕೊಟ್ಟು ಮೂರು ವಾರ ಒಣಗಿದರೆ ಮಾತ್ರ ಒಂದು ಕೊಡ. ದೀಪಾವಳಿ ಆದ ಮೇಲೆ ಎಲೆ ಹಳದಿಯಾಗಿ ಉದುರಲು ಶುರುವಾಗುತ್ತದೆ, ಎಳ್ಳು ಅಮಾವಾಸ್ಯೆ ಹೊತ್ತಿಗೆ ಪೂರ್ತಿ ಬೋಳು. ಆಗ ಮನೆಗೆ ಬಂದವರೆಲ್ಲಾ "ಗಿಡ ಒಣಗೈತಲ್ರಿ, ನೀರ ಹಾಕ್ರಿ" ಅಂತಾರೆ. ಹಾಕಬೇಡಿ. ಅದು ಮಲಗಿದೆ, ಎಲೆ ಇಲ್ಲದ ಗಿಡ ನೀರು ಕುಡಿಯುವುದಿಲ್ಲ, ಹಾಕಿದ್ದೆಲ್ಲಾ ಬೇರಿನ ಸುತ್ತ ನಿಲ್ಲುತ್ತದೆ. ಫೆಬ್ರವರಿ ಕೊನೆಯಲ್ಲಿ ತುದಿ ಹಸಿರಾಗುವುದು ಕಂಡ ಮೇಲೆ ಮತ್ತೆ ಶುರು ಮಾಡಿ.

ಗೊಬ್ಬರದ ವಿಷಯ ಚಿಕ್ಕದು. ಮಾರ್ಚ್‌ನಲ್ಲಿ ಒಂದು ಸಲ, ಮಳೆ ಶುರುವಾದಾಗ ಒಂದು ಸಲ, ಒಂದು ಬುಟ್ಟಿ ಕಳಿತ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಜೊತೆಗೆ ಎರಡು ಹಿಡಿ ಎಲುಬಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ಯೂರಿಯಾ ಹಾಕಿದರೆ ಎಲೆ ದೊಡ್ಡದಾಗಿ ಟೊಂಗೆ ಉದ್ದುದ್ದ ಬೆಳೆಯುತ್ತದೆ, ಹೂ ಕಡಿಮೆಯಾಗುತ್ತದೆ. ಸೆಪ್ಟೆಂಬರ್ ನಂತರ ಯಾವ ಗೊಬ್ಬರವೂ ಬೇಡ.

ಸವರುವುದು

ಹೂ ಬರುವುದು ಟೊಂಗೆಯ ತುದಿಯಲ್ಲಿ ಮಾತ್ರ. ಒಂದು ತುದಿ ಹೂ ಬಿಟ್ಟ ಮೇಲೆ ಅದರ ಕೆಳಗಿನಿಂದ ಎರಡೋ ಮೂರೋ ಕವಲು ಒಡೆಯುತ್ತವೆ, ಮುಂದೆ ಅವುಗಳ ತುದಿಯಲ್ಲಿ ಹೂ. ಹೀಗಾಗಿ ಕವಲು ಹೆಚ್ಚಿದಷ್ಟೂ ಹೂ ಹೆಚ್ಚು. ಇದೇ ಕಾರಣಕ್ಕೆ ಹೂ ಬರುವ ಮುಂಚೆ, ಮಾರ್ಚ್-ಏಪ್ರಿಲ್‌ನಲ್ಲಿ, ಚೆಂದ ಕಾಣಲಿ ಅಂತ ಎಲ್ಲಾ ತುದಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ನಮ್ಮ ಓಣಿಯ ಒಂದು ಗಿಡವನ್ನು ಕರೆಂಟ್ ತಂತಿಗೆ ತಾಗುತ್ತದೆ ಅಂತ ಏಪ್ರಿಲ್‌ನಲ್ಲಿ ಪೂರ್ತಿ ಬೋಳಿಸಿದರು. ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಹೂ ಅಷ್ಟಕ್ಕಷ್ಟೇ.

ಸವರಬೇಕಿದ್ದರೆ ಜನವರಿ ಕೊನೆ, ಫೆಬ್ರವರಿ ಮೊದಲ ವಾರ. ಒಂದಕ್ಕೊಂದು ಉಜ್ಜುವ ಟೊಂಗೆ, ಒಳಗೆ ಬೆಳೆದದ್ದು, ಒಣಗಿದ್ದು ತೆಗೆಯಿರಿ. ಒಂದೇ ಕೋಲಿನ ಹಾಗೆ ಎತ್ತರ ಹೋದ ಗಿಡವನ್ನು ಮೂರಡಿಗೆ ಕತ್ತರಿಸಿದರೆ ಎರಡು-ಮೂರು ಕವಲು ಬರುತ್ತವೆ, ಒಂದು ವರ್ಷದ ಹೂ ಹೋಗುತ್ತದೆ ಅಂತ ಗೊತ್ತಿದ್ದೇ ಮಾಡಿ. ತೆಗೆದ ಟೊಂಗೆ ಎಸೆಯಬೇಡಿ, ಮಾಡಿನ ಕೆಳಗೆ ಒರಗಿಸಿ.

ತುಕ್ಕು, ಕೊಳೆ, ಹಿಟ್ಟು ತಿಗಣೆ

ಮಳೆಗಾಲದಲ್ಲಿ ಎಲೆಯ ಮೇಲೆ ಹಳದಿ ಚುಕ್ಕೆ ಕಂಡರೆ ಎಲೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಕೇಸರಿ ಬಣ್ಣದ ಸಣ್ಣ ಸಣ್ಣ ಗುಳ್ಳೆ ಒತ್ತಾಗಿ ಇರುತ್ತವೆ, ಬೆರಳು ಎಳೆದರೆ ಪುಡಿ ಅಂಟುತ್ತದೆ. ಇದು ತುಕ್ಕು ರೋಗ, ಒಂದು ಶಿಲೀಂಧ್ರದಿಂದ ಬರುವುದು. ಜುಲೈ-ಆಗಸ್ಟ್‌ನಲ್ಲಿ ಧಾರವಾಡದಲ್ಲಿ ದಿನಗಟ್ಟಲೆ ಜಿಟಿಜಿಟಿ ಹಿಡಿದಾಗ ಇದು ಜಾಸ್ತಿ, ಒಣ ಹವೆಯ ಗದಗ ಕಡೆ ಅಷ್ಟಿಲ್ಲ. ಗಿಡ ಇದರಿಂದ ಸಾಯುವುದಿಲ್ಲ, ಎಲೆ ಬೇಗ ಉದುರುತ್ತವೆ ಅಷ್ಟೇ. ಮಾಡಬೇಕಾದ ಕೆಲಸ ಒಂದೇ, ಆದರೆ ಬಿಡದೆ ಮಾಡಬೇಕು: ರೋಗ ಬಂದ ಎಲೆ ಕಿತ್ತು, ಉದುರಿದ್ದನ್ನು ಗುಡಿಸಿ ಸುಟ್ಟುಬಿಡಿ. ಆ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ನೀರು ಎಲೆಗೆ ಬೀಳದ ಹಾಗೆ ಬುಡಕ್ಕೆ ಹಾಕಿ. ಪ್ರತಿ ವರ್ಷ ಜೋರಾಗಿ ಬರುವ ಗಿಡಕ್ಕೆ ಮಳೆ ಶುರುವಾಗುವಾಗಲೇ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್‌ಗೆ 2 ಗ್ರಾಂ ಕಲಸಿ ಎಲೆಯ ಹಿಂಬದಿಗೆ ತಾಗುವ ಹಾಗೆ ಸಿಂಪಡಿಸಬಹುದು, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಳೆ ಬಿಡುವು ಕೊಟ್ಟ ದಿನ.

ಕೊಳೆ ಬಂದರೆ ಮಾತ್ರ ಆವತ್ತೇ ಕೈ ಹಾಕಬೇಕು. ತುದಿ ಕಪ್ಪಾಗಿ ಮೆತ್ತಗಾದರೆ, ಇಲ್ಲವೇ ಬುಡ ಒತ್ತಿದರೆ ಒಳಗೆ ಹೋದರೆ, ಕೊಳೆತ ಭಾಗದಿಂದ ದೂರಕ್ಕೆ ಕತ್ತರಿಸಿ. ಕತ್ತರಿಸಿದ ಮುಖ ನೋಡಿ. ನಡುವೆ ಕಂದು ಚುಕ್ಕೆ ಇದ್ದರೆ ಇನ್ನೂ ಎರಡು ಇಂಚು ಕತ್ತರಿಸಿ. ಪೂರ್ತಿ ಬೆಳ್ಳಗೆ ಆಗಿ ಹಾಲು ಬರುವ ತನಕ ಹೀಗೇ ಹೋಗಬೇಕು, ಪ್ರತಿ ಸಲ ಕತ್ತರಿ ಒರೆಸಬೇಕು. ಬುಡವೇ ಕೊಳೆತಿದ್ದರೂ ಮೇಲಿನ ಭಾಗ ಗಟ್ಟಿ ಇದ್ದರೆ ಗಿಡ ಹೋಯಿತು ಅಂತ ಅಳಬೇಡಿ. ಮೇಲಿನದನ್ನು ಕೊಯ್ದು, ಒಣಗಿಸಿ, ಮತ್ತೆ ಮೊದಲಿನಿಂದ ಹಚ್ಚಿ. ನನ್ನ ಮೊದಲ ಗಿಡದ ಮೇಲಿನ ಒಂದಡಿ ಹಾಗೇ ಉಳಿದಿತ್ತು. ಈಗ ಮಾಳಿಗೆ ಮುಟ್ಟಿರುವುದು ಅದೇ.

ಬೇಸಿಗೆಯಲ್ಲಿ ಎಳೆ ತುದಿ, ಎಲೆಯ ಬುಡದಲ್ಲಿ ಬಿಳಿ ಹತ್ತಿಯ ಹಾಗೆ ಕಂಡರೆ ಹಿಟ್ಟು ತಿಗಣೆ. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಅದೇ ಗುರುತು. ನೀರನ್ನು ಜೋರಾಗಿ ಚಿಮ್ಮಿಸಿ ತೊಳೆದು, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸಾಬೂನು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ಅಂಗಳ ಇಲ್ಲದವರಿಗೆ

ಮಾಳಿಗೆಯ ಮೇಲೆ ಕುಂಡದಲ್ಲೂ ಚೆನ್ನಾಗಿ ಬರುತ್ತದೆ. ಮೊದಲು 12 ಇಂಚಿನ ಕುಂಡ, ಎರಡು ವರ್ಷದ ಮೇಲೆ 18 ಇಂಚು. ಮಣ್ಣಿನ ಕುಂಡವೇ ಒಳ್ಳೆಯದು. ತಳದ ತೂತು ದೊಡ್ಡದಿರಲಿ, ಕುಂಡವನ್ನು ಮೂರು ಇಟ್ಟಿಗೆಯ ಮೇಲೆ ಎತ್ತಿ ಇಡಿ. ಕೆಳಗೆ ತಟ್ಟೆ ಇಡಬೇಡಿ. ದಿಬ್ಬಕ್ಕೆ ಹೇಳಿದ ಮಣ್ಣೇ, ಉಸುಕು ಇನ್ನೊಂದು ಪಾಲು ಜಾಸ್ತಿ. ಬೇಸಿಗೆಯಲ್ಲಿ ಎರಡು ಇಂಚು ಕೆಳಗೆ ಬೆರಳು ಹಾಕಿ ನೋಡಿ, ಒಣಗಿದ್ದರೆ ಮಾತ್ರ ನೀರು. ಒಬ್ಟ್ಯೂಸಾ ಜಾತಿ ಕುಂಡಕ್ಕೆ ಒಗ್ಗುತ್ತದೆ, ಗಿಡ ವರ್ಷವಿಡೀ ಹಸಿರಾಗಿರುತ್ತದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಮೇಳ ಆದಾಗ ನರ್ಸರಿಯವರ ಮಳಿಗೆಗಳಲ್ಲಿ ಬಣ್ಣ ಬಣ್ಣದ ಕಸಿ ಗಿಡ ಕಂಡು ಕೊಳ್ಳುವ ಮನಸ್ಸಾದರೆ ಕೊಳ್ಳಿ. ಆದರೆ ಮೇಳ ಬರುವುದು ಸಾಮಾನ್ಯವಾಗಿ ಮಳೆಗಾಲದ ಕೊನೆಗೆ. ತಂದ ಕೂಡಲೇ ನೆಲಕ್ಕೆ ಹಚ್ಚದೆ, ಅದೇ ಚೀಲದಲ್ಲಿ ಮಾಡಿನ ಅಂಚಿನ ಬಿಸಿಲಲ್ಲಿ ಇಟ್ಟುಕೊಂಡು ಫೆಬ್ರವರಿ ತನಕ ಕಾಯಿರಿ. ಕಸಿ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಕಿತ್ತುಹಾಕಿ, ಅದು ಬೇರೆ ಜಾತಿಯ ಬುಡದ್ದು.

ದೂರದವರಿಗೆ ಟೊಂಗೆ ಕಳಿಸುವುದಾದರೆ ಮನೆಯಲ್ಲೇ ಪೂರ್ತಿ ಒಣಗಿಸಿ, ಬಣ್ಣದ ಹೆಸರು ಬರೆದ ಚೀಟಿ ಕಟ್ಟಿ, ಹಳೆ ಪೇಪರ್ ಸುತ್ತಿ ರಟ್ಟಿನ ಡಬ್ಬಿಯಲ್ಲಿ ಕಳಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೆವರಿ ಕೊಳೆಯುತ್ತದೆ. ವಾರ ಹಿಡಿದರೂ ಏನೂ ಆಗುವುದಿಲ್ಲ. ಈ ಸಲ ಶಿವರಾತ್ರಿ ಮುಗಿದ ಮೇಲೆ ಆರು ಟೊಂಗೆ ಕೊಯ್ದಿದ್ದೆ. ಎರಡು ಹಾವೇರಿಗೆ ನಾದಿನಿಯ ಮನೆಗೆ ಹೋದವು, ಒಂದು ಎದುರು ಮನೆ ಕಾಕಾ ತಮ್ಮ ಹೊಲದ ಬದುವಿಗೆ ಅಂತ ಒಯ್ದರು. ಉಳಿದ ಮೂರು ಇನ್ನೂ ಗೋಡೆಗೆ ಒರಗಿ ನಿಂತಿವೆ, ಹಾಲು ಒಣಗಿ ಅಂಚು ಸುಕ್ಕಾಗುತ್ತಿದೆ, ಬರುವ ಸೋಮವಾರ ಹಚ್ಚುತ್ತೇನೆ.